ಎಲ್ಲರ ಕೈಗೂ ಬೀಗದ ಕೈ ಕೊಟ್ಟರೆ ಲೆಕ್ಕ ಉಳಿಯುವುದಿಲ್ಲ

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಲಿನಕ್ಸ್ ಕಂಪ್ಯೂಟರಿನಲ್ಲಿ 'ಅನುಮತಿ ಇಲ್ಲ' ಎಂಬ ಸಂದೇಶ ಬಂದಾಗ ಗೊತ್ತಿದ್ದವರು ಕೊಡುವ ಸಲಹೆ ಹೆಚ್ಚಾಗಿ ಒಂದೇ: "ಚ್‌ಮಾಡ್ 777 ಹಾಕು, ಸರಿಯಾಗ್ತದೆ." ಹಾಕಿದರೆ ಸಂದೇಶ ಹೋಗುವುದೂ ನಿಜ. ಆದರೆ ಲಾಗ್ ಫೈಲುಗಳಿರುವ ಫೋಲ್ಡರಿಗೆ ಇದಕ್ಕಿಂತ ಕೆಟ್ಟ ಔಷಧ ಇಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಸೈನ್ಸ್ ವಿಭಾಗದವರು ಬರೆಯಬೇಕಿತ್ತು ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಲಾಗ್ ಎಂದರೆ ಲೆಕ್ಕದ ಪುಸ್ತಕ. ಲೆಕ್ಕದ ಪುಸ್ತಕವನ್ನು ಯಾರು ಬರೆಯಬೇಕು, ಯಾರು ಓದಬಹುದು, ಯಾರು ಮುಟ್ಟಲೇಬಾರದು ಎನ್ನುವುದು ನಮ್ಮ ವಿಭಾಗದ ಪಾಠವೇ.

ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಅಬ್ಬಾ ಅಂಗಡಿಯ ದಿನದ ಪುಸ್ತಕಕ್ಕೆ ರೋಜ್‌ನಾಮ್ಚಾ ಅನ್ನುತ್ತಾರೆ. ಪಕ್ಕದ ಅಂಗಡಿಯವರು ಅದನ್ನೇ ಕಿರ್ದಿ ಅನ್ನುತ್ತಾರೆ. ಜಮಾ, ಖರ್ಚು, ಬಾಕಿ, ಖಾತೆ ಎಂಬ ಮಾತುಗಳು ಎರಡು ಭಾಷೆಯಲ್ಲೂ ಇವೆ. ಕಂಪ್ಯೂಟರಿನ ಲಾಗ್ ಕೂಡ ಒಂದು ರೋಜ್‌ನಾಮ್ಚಾ. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಯಾವ ಫೈಲು ತೆರೆದರು, ಯಾವುದನ್ನು ಅಳಿಸಿದರು, ಯಾವ ಪಾಸ್‌ವರ್ಡ್ ತಪ್ಪಾಯಿತು ಎಂದು ಯಂತ್ರ ಸಾಲು ಸಾಲಾಗಿ ಬರೆಯುತ್ತಾ ಹೋಗುತ್ತದೆ.

ಅಂಗಡಿಯ ಪುಸ್ತಕ ತುಂಬಿದರೆ ಏನು ಮಾಡುತ್ತೇವೆ? ಮೇಲೆ ವರ್ಷ ಬರೆದು ಕಪಾಟಿನಲ್ಲಿಟ್ಟು ಹೊಸದನ್ನು ತೆರೆಯುತ್ತೇವೆ. ತೀರಾ ಹಳೆಯದನ್ನು ಅವಧಿ ಮುಗಿದ ಮೇಲೆ ರದ್ದಿಗೆ ಹಾಕುತ್ತೇವೆ. ಲಿನಕ್ಸಿನಲ್ಲಿ ಈ ಕೆಲಸ ಮಾಡುವ ಪ್ರೋಗ್ರಾಮಿನ ಹೆಸರು ಲಾಗ್‌ರೊಟೇಟ್. ಅದು ದಿನಕ್ಕೊಮ್ಮೆ ತಾನಾಗಿಯೇ ಎದ್ದು, ಸರದಿ ಬಂದ ಲಾಗ್ ಫೈಲಿನ ಹೆಸರಿನ ಕೊನೆಗೆ 1 ಸೇರಿಸಿ ಬದಿಗಿಡುತ್ತದೆ. ಹಿಂದಿನ 1 ಈಗ 2 ಆಗುತ್ತದೆ. ಹಳೆಯವನ್ನು ಒತ್ತಿ ಸಣ್ಣದು ಮಾಡುತ್ತದೆ, ಎಲ್ಲಕ್ಕಿಂತ ಹಳೆಯದನ್ನು ಅಳಿಸುತ್ತದೆ, ಹೊಸ ಖಾಲಿ ಫೈಲು ತೆರೆಯುತ್ತದೆ. ಡೆಬಿಯನ್ ಎಂಬ ಲಿನಕ್ಸಿನ ಸಾಮಾನ್ಯ ಸೆಟ್ಟಿಂಗಿನಲ್ಲಿ ವಾರಕ್ಕೊಂದು ಪುಸ್ತಕ, ನಾಲ್ಕು ಹಳೆಯ ಪುಸ್ತಕ. ಈ ಕೆಲಸವನ್ನು ಅದು ರೂಟ್ ಹೆಸರಿನಲ್ಲಿ ಮಾಡುತ್ತದೆ. ರೂಟ್ ಎಂದರೆ ಆ ಯಂತ್ರದಲ್ಲಿ ಏನು ಬೇಕಾದರೂ ಮಾಡಬಲ್ಲ ಯಜಮಾನ.

ಇದೇ ಲಾಗ್‌ರೊಟೇಟ್ ಒಮ್ಮೊಮ್ಮೆ ಕೆಲಸ ಮಾಡಲು ಒಪ್ಪುವುದಿಲ್ಲ. ಅದರ ಸಂದೇಶದ ಸಾರ ಇಷ್ಟು: ಈ ಫೈಲನ್ನು ಬಿಟ್ಟು ಮುಂದೆ ಹೋಗುತ್ತಿದ್ದೇನೆ; ಇದಿರುವ ಫೋಲ್ಡರಿನ ಅನುಮತಿ ಸುರಕ್ಷಿತವಾಗಿಲ್ಲ; ಇದರಲ್ಲಿ ಎಲ್ಲರೂ ಬರೆಯಬಹುದು, ಅಥವಾ ರೂಟ್ ಅಲ್ಲದ ಗುಂಪೊಂದು ಬರೆಯಬಹುದು; ಯಾರ ಹೆಸರಿನಲ್ಲಿ ಈ ಕೆಲಸ ಮಾಡಬೇಕೆಂದು ಸೆಟ್ಟಿಂಗಿನಲ್ಲಿ ತಿಳಿಸಿ. ಗಮನಿಸಿ, ಅನುಮತಿ ಕಡಿಮೆಯಾಯಿತು ಎಂದು ಅದು ಹೇಳುತ್ತಿಲ್ಲ. ಹೆಚ್ಚಾಯಿತು ಎಂದು ಹೇಳುತ್ತಿದೆ. ಸಂದೇಶವನ್ನು ಪೂರ್ತಿ ಓದದೆ 'ಅನುಮತಿ' ಎಂಬ ಒಂದು ಪದ ನೋಡಿ ಮತ್ತೆ 777 ಹಾಕುವವರು ಹೊಟ್ಟೆ ಬಿರಿಯುವಂತೆ ಉಂಡವನಿಗೆ ಇನ್ನೊಂದು ತಟ್ಟೆ ಬಡಿಸಿದಂತೆ ಮಾಡುತ್ತಾರೆ.

ಈ ಅಂಕಿಗಳ ಅರ್ಥ ಕಷ್ಟದ್ದಲ್ಲ. ಮೂರು ಅಂಕಿಗಳಲ್ಲಿ ಮೊದಲನೆಯದು ಮಾಲೀಕನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. ಓದುವುದಕ್ಕೆ 4, ಬರೆಯುವುದಕ್ಕೆ 2, ಪ್ರೋಗ್ರಾಂ ಆದರೆ ನಡೆಸುವುದಕ್ಕೆ, ಫೋಲ್ಡರ್ ಆದರೆ ಒಳಗೆ ಹೋಗುವುದಕ್ಕೆ 1. ಕೂಡಿದರೆ 7. ಹಾಗಾಗಿ 755 ಎಂದರೆ ಮಾಲೀಕನಿಗೆ ಎಲ್ಲವೂ, ಉಳಿದವರಿಗೆ ನೋಡುವುದು ಮತ್ತು ಒಳಹೋಗುವುದು ಮಾತ್ರ. 640 ಎಂದರೆ ಮಾಲೀಕ ಓದಿ ಬರೆಯಬಹುದು, ಗುಂಪು ಓದಬಹುದು, ಹೊರಗಿನವರಿಗೆ ಏನೂ ಇಲ್ಲ. 777 ಎಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಒಂದು ಫೈಲನ್ನು ಅಳಿಸಲು ಅಥವಾ ಅದರ ಹೆಸರು ಬದಲಿಸಲು ಆ ಫೈಲಿನ ಮೇಲೆ ಅನುಮತಿ ಬೇಕಾಗಿಲ್ಲ, ಅದಿರುವ ಫೋಲ್ಡರಿನ ಮೇಲೆ ಬರೆಯುವ ಅನುಮತಿ ಇದ್ದರೆ ಸಾಕು. ಪುಸ್ತಕದ ಪುಟಗಳಿಗೆ ಮೊಹರು ಹಾಕಿದ್ದೀರಿ, ಆದರೆ ಕಪಾಟು ತೆರೆದಿದೆ ಎಂದುಕೊಳ್ಳಿ. ಪುಟ ತಿದ್ದಲು ಆಗದಿದ್ದರೂ ಇಡೀ ಪುಸ್ತಕ ತೆಗೆದು ಅದೇ ಹೆಸರಿನ ಬೇರೆ ಪುಸ್ತಕ ಇಟ್ಟು ಹೋಗಬಹುದು. ಆದ್ದರಿಂದ ಫೈಲಿಗೆ 640 ಹಾಕಿ ಫೋಲ್ಡರಿಗೆ 777 ಬಿಟ್ಟರೆ ಅದು ರಕ್ಷಣೆ ಅಲ್ಲ.

ಅಪಾಯ ಇಷ್ಟಕ್ಕೇ ನಿಲ್ಲುವುದಿಲ್ಲ. ಫೋಲ್ಡರಿನಲ್ಲಿ ಬರೆಯಬಲ್ಲವನು ಲಾಗ್ ಫೈಲನ್ನು ತೆಗೆದು ಅದರ ಜಾಗದಲ್ಲಿ ಬೇರೆ ಮುಖ್ಯ ಫೈಲಿಗೆ ದಾರಿ ತೋರಿಸುವ ಕೊಂಡಿಯನ್ನು ಇಡಬಹುದು. ರೂಟ್ ಹೆಸರಿನಲ್ಲಿ ಬರುವ ಪ್ರೋಗ್ರಾಂ ಅದನ್ನು ಲಾಗ್ ಎಂದುಕೊಂಡು ಮುಟ್ಟಿದರೆ ಯಜಮಾನನ ಕೈಯಿಂದಲೇ ಕಳ್ಳತನ ಮಾಡಿಸಿದಂತೆ. ಲಾಗ್‌ರೊಟೇಟ್‌ನಲ್ಲಿ ಇಂಥ ದೋಷಗಳು 2011ರಲ್ಲಿ ಬೆಳಕಿಗೆ ಬಂದವು. ಅದೇ ವರ್ಷ ಬಂದ 3.8.0 ಆವೃತ್ತಿಯಿಂದ, ಎಲ್ಲರೂ ಬರೆಯಬಹುದಾದ ಫೋಲ್ಡರುಗಳನ್ನು ಅದು ಬಿಟ್ಟು ಮುಂದೆ ಹೋಗುತ್ತದೆ. 2016ರಲ್ಲಿ ಡೆಬಿಯನ್‌ನ ಎನ್‌ಜಿನೆಕ್ಸ್ ಎಂಬ ವೆಬ್ ಸರ್ವರ್ ಪ್ಯಾಕೇಜಿನಲ್ಲೂ ಹೀಗೇ ಆಯಿತು. ಲಾಗ್ ಫೋಲ್ಡರಿನ ಮಾಲೀಕತ್ವ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿತ್ತು. ವೆಬ್‌ಸೈಟಿನ ಮೂಲಕ ಒಳಗೆ ನುಸುಳಿದವನು ಅದೊಂದನ್ನೇ ಮೆಟ್ಟಿಲು ಮಾಡಿಕೊಂಡು ರೂಟ್ ಆಗಬಹುದಿತ್ತು. ಅದಕ್ಕೆ ಸಿವಿಇ-2016-1247 ಎಂಬ ಸಂಖ್ಯೆ ಕೊಟ್ಟು ಡೆಬಿಯನ್ ತಿದ್ದುಪಡಿ ಬಿಡುಗಡೆ ಮಾಡಿತು. ಅಂದರೆ ಲಾಗ್‌ರೊಟೇಟ್ ಹಟ ಮಾಡುವುದು ಸುಮ್ಮನೆ ಅಲ್ಲ, ಪೆಟ್ಟು ತಿಂದು ಕಲಿತ ಪಾಠ ಅದು.

ಇದೆಲ್ಲ ದೊಡ್ಡ ಕಂಪೆನಿಗಳ ಸಮಸ್ಯೆ ಎಂದುಕೊಳ್ಳಬೇಡಿ. ನಾನು ಸಂಜೆ ಟ್ಯಾಲಿ ಕಲಿಯಲು ಹೋಗುವ ಕೇಂದ್ರದಲ್ಲಿ (ಹೆಸರು ಬೇಡ) ಎಲ್ಲರ ಅಭ್ಯಾಸದ ಫೈಲುಗಳನ್ನು ಇಡಲು ಒಂದು ಹಳೆಯ ಡೆಬಿಯನ್ ಯಂತ್ರವಿದೆ. ಯಾವ ಸೀಟಿನಿಂದ ಯಾವ ಫೈಲು ಅಳಿಯಿತು ಎಂದು ಅದರ ಲಾಗ್ ಬರೆದಿಡುತ್ತದೆ. ಹೊಸದೊಂದು ಪ್ರೋಗ್ರಾಂ ಹಾಕುವಾಗ ಅದಕ್ಕೆ ಲಾಗ್ ಬರೆಯಲು ಅನುಮತಿ ಸಿಗಲಿಲ್ಲ. ಯಾರೋ ಇಡೀ ಲಾಗ್ ಫೋಲ್ಡರಿಗೆ 777 ಹಾಕಿದರು. "ಸದ್ಯಕ್ಕೆ ಕೆಲಸ ಆಯ್ತಲ್ಲ ಮಾರಾಯ್ರೆ" ಎಂದು ಎಲ್ಲರೂ ಮರೆತರು. ಅಂದಿನಿಂದ ಲಾಗ್‌ರೊಟೇಟ್ ಪ್ರತಿದಿನ ಬಂದು, ಫೋಲ್ಡರ್ ನೋಡಿ, ಸಂದೇಶ ಬರೆದು ವಾಪಸ್ ಹೋಗುತ್ತಿತ್ತು. ಆ ಸಂದೇಶವನ್ನು ಯಾರೂ ಓದಲಿಲ್ಲ. ಹಳೆಯ ಲಾಗ್ ಬೆಳೆಯುತ್ತಾ ಹೋಗಿ, ಲಾಗ್‌ಗಳಿಗೆಂದು ಬೇರೆ ಇಟ್ಟಿದ್ದ ಡಿಸ್ಕಿನ ಭಾಗ ಒಂದು ದಿನ ಪೂರ್ತಿ ತುಂಬಿತು. ಅಭ್ಯಾಸದ ಫೈಲುಗಳು ಡಿಸ್ಕಿನ ಇನ್ನೊಂದು ಭಾಗದಲ್ಲಿ ಇದ್ದುದರಿಂದ ತರಗತಿ ಎಂದಿನಂತೆ ನಡೆಯಿತು. ಲಾಗ್ ಮಾತ್ರ ನಿಂತಿತ್ತು.

ಅದೇ ವಾರ ಒಂದು ಬ್ಯಾಚಿನವರ ಎರಡು ತಿಂಗಳ ಕೆಲಸ ಕಾಣೆಯಾಯಿತು. ಕೊನೆಗೆ ಸೀಟಿನಿಂದ ಎದ್ದವನು ಎಂಬ ಒಂದೇ ಕಾರಣಕ್ಕೆ ಬೈಂದೂರು ಕಡೆಯಿಂದ ಬರುವ ಒಬ್ಬ ಹುಡುಗನ ಮೇಲೆ ಅನುಮಾನ ಬಂತು. ಮನೆಗೆ ಫೋನ್ ಹೋಯಿತು. ಅವನ ತಂದೆ ಕೆಲಸ ಬಿಟ್ಟು ಬಂದು ಎಲ್ಲರೆದುರು ಕೈಕಟ್ಟಿ ನಿಂತರು. ಹುಡುಗ ನಾನಲ್ಲ ಎಂದ. ಲಾಗ್ ನೋಡೋಣ ಎಂದು ತೆರೆದರೆ ಆ ದಿನದ ಒಂದು ಸಾಲೂ ಇಲ್ಲ. ಹಿಂದಿನ ದಿನಗಳ ಸಾಲುಗಳಿದ್ದವು, ಆದರೆ ಅವನ್ನೂ ನಂಬುವುದು ಹೇಗೆ? ಎಲ್ಲರೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರು, ಫೋಲ್ಡರಿನಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು. ಅವನು ಮಾಡಿದ ಎನ್ನಲೂ ಸಾಕ್ಷಿ ಇಲ್ಲ, ಮಾಡಲಿಲ್ಲ ಎನ್ನಲೂ ಸಾಕ್ಷಿ ಇಲ್ಲ. ಇಂದಿಗೂ ಅದು ಹಾಗೆಯೇ ಉಳಿದಿದೆ. ಹುಡುಗ ತರಗತಿ ಬಿಟ್ಟ. ಅಡಗಿಸಲು ಏನೂ ಇಲ್ಲದವನಿಗೆ ಲಾಗ್ ಏಕೆ ಎಂದು ಕೇಳುವವರಿದ್ದಾರೆ. ನನ್ನ ಪ್ರಕಾರ ಲಾಗ್ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ತಪ್ಪು ಮಾಡದವನಿಗೆ.

ಎಲ್ಲರೂ ತಿದ್ದಬಹುದಾದ ಲೆಕ್ಕಕ್ಕೆ ಬೆಲೆ ಇಲ್ಲ ಎಂಬುದು ನಮ್ಮ ಊರಿನವರಿಗೆ ಹೊಸ ಮಾತಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟ್ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಹೆಸರು ಕುಂದಾಪುರ, ಬ್ರಹ್ಮಾವರದ ಪೇಟೆಗಳಲ್ಲಿ ಇನ್ನೂ ಇದೆ. ಸಂಜೆ ಹೊತ್ತಿಗೆ ಅಂಗಡಿಗೆ ಬರುವ ಏಜೆಂಟರನ್ನು ನೀವೂ ನೋಡಿರುತ್ತೀರಿ. ಆ ವ್ಯವಸ್ಥೆ ನಡೆದದ್ದು ಏಜೆಂಟ್ ಒಳ್ಳೆಯವನು ಎಂಬ ನಂಬಿಕೆಯೊಂದರಿಂದಲೇ ಅಲ್ಲ. ಹಣ ತೆಗೆದುಕೊಳ್ಳುವವನು ಒಬ್ಬ, ಬ್ಯಾಂಕಿನ ಲೆಡ್ಜರ್ ಬರೆಯುವವನು ಇನ್ನೊಬ್ಬ, ಕೊಟ್ಟ ಹಣದ ಗುರುತು ಗ್ರಾಹಕನ ಕೈಯಲ್ಲೂ ಇರುತ್ತದೆ. ಏಜೆಂಟನಿಗೆ ಲೆಡ್ಜರ್ ತಿದ್ದುವ ಅಧಿಕಾರ ಇಲ್ಲ ಎಂದರೆ ಅದು ಅವನಿಗೆ ಮಾಡಿದ ಅವಮಾನವಲ್ಲ. ಮುಂದೆ ವ್ಯತ್ಯಾಸ ಬಂದರೆ ಅವನನ್ನು ಕಾಪಾಡುವುದೂ ಅದೇ.

ಕಾನೂನು ಕೂಡ ಈಗ ಇದೇ ಮಾತು ಹೇಳುತ್ತದೆ. 2023ರ ಏಪ್ರಿಲ್ 1ರಿಂದ, ಲೆಕ್ಕಕ್ಕೆ ಸಾಫ್ಟ್‌ವೇರ್ ಬಳಸುವ ಪ್ರತಿ ಕಂಪೆನಿಯೂ ಎಡಿಟ್ ಲಾಗ್ ಇರುವ ಸಾಫ್ಟ್‌ವೇರನ್ನೇ ಬಳಸಬೇಕು. ಯಾವ ನಮೂದನ್ನು ಯಾವ ದಿನ ಬದಲಿಸಲಾಯಿತು ಎಂಬುದು ಅದರಲ್ಲಿ ದಾಖಲಾಗಬೇಕು, ಆ ದಾಖಲೆಯನ್ನು ನಿಲ್ಲಿಸಲು ಆಗಬಾರದು. ವರ್ಷವಿಡೀ ಅದು ನಡೆದಿದೆಯೇ, ಅದನ್ನು ತಿರುಚಲಾಗಿದೆಯೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಹೇಳಬೇಕು. ಬೆಂಗಳೂರಿನ ಟ್ಯಾಲಿ ಕಂಪೆನಿ ಇದಕ್ಕಾಗಿಯೇ ಎಡಿಟ್ ಲಾಗ್ ಇರುವ ಆವೃತ್ತಿ ತಂದಿತು. ಇದಕ್ಕೂ ಮೊದಲು, 2022ರ ಏಪ್ರಿಲ್ 28ರಂದು, ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಕಂಪೆನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಇಡಬೇಕು ಎಂದು ಆದೇಶಿಸಿತು. ಕಾಲೇಜಿನ ಸಣ್ಣ ಲ್ಯಾಬನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದ ಆದೇಶ ಅದಲ್ಲ. ಆದರೆ ಅಳತೆ ಒಳ್ಳೆಯದು. ವಾರಕ್ಕೊಂದರಂತೆ ನಾಲ್ಕು ಪುಸ್ತಕ ಇಟ್ಟರೆ 28 ದಿನ. ಅದನ್ನು 26 ಮಾಡಿದರೆ 182 ದಿನ. ಸೆಟ್ಟಿಂಗಿನಲ್ಲಿ ಒಂದು ಅಂಕಿ ಬದಲಿಸುವ ಕೆಲಸ ಅಷ್ಟೆ.

ಹಾಗಾದರೆ ಸರಿಯಾದ ದಾರಿ ಯಾವುದು? ಮೊದಲು ಏನನ್ನೂ ಬದಲಿಸದೆ ಸಂದೇಶವನ್ನು ಪೂರ್ತಿ ಓದಬೇಕು. ಯಾವ ಫೈಲು, ಯಾವ ಫೋಲ್ಡರ್, ಮಾಲೀಕ ಯಾರು, ಗುಂಪು ಯಾವುದು, ಮೂರು ಅಂಕಿ ಏನು ಎಂದು ಕಾಗದದಲ್ಲಿ ಬರೆದುಕೊಳ್ಳಬೇಕು. ಡಿಸ್ಕ್ ತುಂಬಿದೆಯೆಂದು ಹಳೆಯ ಲಾಗನ್ನು ಗಡಿಬಿಡಿಯಲ್ಲಿ ಅಳಿಸಬಾರದು, ಮೊದಲು ಬೇರೆ ಕಡೆಗೆ ಪ್ರತಿ ಮಾಡಬೇಕು. ಅಳಿಸಿದರೂ, ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದು ಹಿಡಿದಿರುವ ತನಕ ಜಾಗ ವಾಪಸ್ ಸಿಗುವುದಿಲ್ಲ.

ಆಮೇಲೆ ಮಾಲೀಕತ್ವ. ಡೆಬಿಯನ್‌ನಲ್ಲಿ ಮುಖ್ಯ ಲಾಗ್ ಫೋಲ್ಡರ್ ರೂಟ್ ಹೆಸರಿನಲ್ಲಿದ್ದು 755 ಇರುತ್ತದೆ. ಒಂದು ಪ್ರೋಗ್ರಾಂ ತನ್ನ ಲಾಗ್ ತಾನೇ ಬರೆಯಬೇಕಾದರೆ ಮುಖ್ಯ ಫೋಲ್ಡರನ್ನು ತೆರೆದಿಡುವುದಲ್ಲ. ಅದಕ್ಕೆಂದು ಒಳಗೆ ಒಂದು ಸಣ್ಣ ಫೋಲ್ಡರ್ ಮಾಡಿ, ಅದನ್ನು ಆ ಪ್ರೋಗ್ರಾಮಿನ ಬಳಕೆದಾರನ ಹೆಸರಿಗೆ ಮಾತ್ರ ಕೊಡಬೇಕು. 750 ಸಾಕು. ಆಮೇಲೆ ಲಾಗ್‌ರೊಟೇಟ್‌ನ ಸೆಟ್ಟಿಂಗಿನಲ್ಲಿ, ಆ ಪ್ರೋಗ್ರಾಮಿನ ಭಾಗದಲ್ಲಿ, 'ಸು' ಎಂಬ ಸಾಲು ಸೇರಿಸಿ ಬಳಕೆದಾರ ಮತ್ತು ಗುಂಪಿನ ಹೆಸರು ಬರೆಯಬೇಕು. ಆಗ ಲಾಗ್‌ರೊಟೇಟ್ ಆ ಫೋಲ್ಡರಿನ ಮಟ್ಟಿಗೆ ರೂಟ್ ಅಧಿಕಾರ ಬದಿಗಿಟ್ಟು ಆ ಬಳಕೆದಾರನ ಹೆಸರಿನಲ್ಲೇ ಕೆಲಸ ಮಾಡುತ್ತದೆ. ಅಲ್ಲಿ ಯಾರಾದರೂ ಮೋಸದ ಕೊಂಡಿ ಇಟ್ಟರೂ ಯಜಮಾನನ ಕೈ ಅದಕ್ಕೆ ಸಿಗುವುದಿಲ್ಲ. 'ಕ್ರಿಯೇಟ್' ಎಂಬ ಸಾಲಿನಲ್ಲಿ ಹೊಸ ಫೈಲು 640 ಆಗಿ ಹುಟ್ಟಲಿ ಎಂದು ಹೇಳಬಹುದು. ಕೊನೆಗೆ ಡೀಬಗ್ ಆಯ್ಕೆಯಲ್ಲಿ ಓಡಿಸಿ ನೋಡಬೇಕು. ಅದು ಏನನ್ನೂ ಬದಲಿಸದೆ, ತಾನು ಏನು ಮಾಡಲಿದ್ದೇನೆ ಎಂದು ಮಾತ್ರ ಹೇಳುತ್ತದೆ. ಲೆಕ್ಕ ಅಂತಿಮ ಮಾಡುವ ಮೊದಲು ಟ್ರಯಲ್ ಬ್ಯಾಲೆನ್ಸ್ ತೆಗೆದ ಹಾಗೆ.

ಈಗಾಗಲೇ 777 ಹಾಕಿದ್ದರೆ ಕೆಲಸ ಹೆಚ್ಚು. ಹಿಂದೆ ಏನಿತ್ತು ಎಂಬುದು ಯಂತ್ರಕ್ಕೆ ನೆನಪಿರುವುದಿಲ್ಲ, ವಾಪಸ್ ತರುವ ಒಂದೇ ಆಜ್ಞೆಯೂ ಇಲ್ಲ. ಎಲ್ಲಕ್ಕೂ ಒಟ್ಟಿಗೆ 755 ಹಾಕಿದರೆ ಗುಟ್ಟಾಗಿರಬೇಕಾದ ಫೈಲುಗಳನ್ನೂ ಎಲ್ಲರೂ ಓದುವಂತಾಗುತ್ತದೆ. ವಿಫಲವಾದ ಲಾಗಿನ್‌ಗಳ ದಾಖಲೆ ಇರುವ ಬಿಟಿಎಂಪಿ ಫೈಲಿಗೆ ಸಾಮಾನ್ಯವಾಗಿ 660 ಇರುವುದಕ್ಕೆ ಕಾರಣವಿದೆ. ಅವಸರದಲ್ಲಿ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಟೈಪ್ ಮಾಡುವವರಿದ್ದಾರೆ, ಅದು ಅಲ್ಲಿ ಹಾಗೆಯೇ ಉಳಿಯುತ್ತದೆ. ಅದೇ ಆವೃತ್ತಿಯ, ಕೆಡದ ಇನ್ನೊಂದು ಯಂತ್ರವನ್ನು ಪಕ್ಕದಲ್ಲಿಟ್ಟು ಒಂದೊಂದೇ ಫೋಲ್ಡರ್ ಹೋಲಿಸಿ ಸರಿಪಡಿಸುವುದೇ ದಾರಿ. ಹತ್ತು ಸೆಕೆಂಡಿನಲ್ಲಿ ಹಾಕಿದ್ದನ್ನು ತೆಗೆಯಲು ಅರ್ಧ ದಿನ ಬೇಕಾಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಪ್ರಾಕ್ಟಿಕಲ್ ಶುರುವಾಗಲು ಹತ್ತು ನಿಮಿಷ ಇದೆ, ಹೊರಗೆ ಬ್ಯಾಚ್ ಕಾಯುತ್ತಿದೆ, ಒಬ್ಬರೇ ಉಪನ್ಯಾಸಕರು ಎಲ್ಲವನ್ನೂ ನೋಡಬೇಕು; ಆಗ ಕೈಗೆ ಸಿಕ್ಕ ಪರಿಹಾರ ಮಾಡದೆ ಇನ್ನೇನು? ಮಾತು ನ್ಯಾಯವೇ. ಆದರೆ ಅವಸರದಲ್ಲೂ ಒಂದು ಸಣ್ಣ ಫೋಲ್ಡರಿನ ಮಾಲೀಕನನ್ನು ಬದಲಿಸುವುದಕ್ಕೂ 777 ಹಾಕುವುದಕ್ಕೂ ಹಿಡಿಯುವ ಸಮಯ ಒಂದೇ. ಬೇಕಾಗಿರುವುದು ಮೊದಲೇ ಗೊತ್ತಿರುವುದು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಅನುಮತಿ ಎಷ್ಟು ಬಿಗಿ ಮಾಡಿದರೂ ರೂಟ್ ಪಾಸ್‌ವರ್ಡ್ ಇರುವವರು ಲಾಗ್ ತಿದ್ದಬಹುದಲ್ಲ? ಹೌದು, ತಿದ್ದಬಹುದು. ಅದಕ್ಕೇ ಪಿಗ್ಮಿಯಲ್ಲಿ ಗ್ರಾಹಕನ ಕೈಯಲ್ಲೂ ಗುರುತು ಇರುವುದು. ಲಾಗಿನ ಪ್ರತಿ ಬರೆಯುತ್ತಿದ್ದಂತೆಯೇ ಇನ್ನೊಂದು ಯಂತ್ರಕ್ಕೆ ಹೋಗುವಂತೆ ಮಾಡಬಹುದು, ಆ ಯಂತ್ರದ ಬೀಗದ ಕೈ ಇನ್ನೊಬ್ಬರ ಬಳಿ ಇರಬೇಕು. ಒಬ್ಬರೇ ಎರಡೂ ಕಡೆ ತಿದ್ದಲು ಆಗದಿದ್ದರೆ ಸಾಕು.

ಇದನ್ನೆಲ್ಲ ಕಲಿಯುವ ವಯಸ್ಸು ನಮಗೆ ಆಗಿಲ್ಲ ಎಂದು ಯಾರೂ ಹೇಳಲಾರರು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಹೈಸ್ಕೂಲಿನಲ್ಲೇ ಲಿನಕ್ಸ್ ಯಂತ್ರಗಳ ಮೇಲೆ ಕಂಪ್ಯೂಟರ್ ಪಾಠ ಕಲಿಯುತ್ತಾರೆ. ಕೇರಳದ ಶಾಲೆಗಳು ಬಹಳ ಹಿಂದೆಯೇ ಮುಕ್ತ ತಂತ್ರಾಂಶಕ್ಕೆ ಬದಲಾದವು. ನಮ್ಮಲ್ಲಿ ಸಿಇಬಿಎ ತೆಗೆದುಕೊಂಡವರು ಒಂದೇ ವರ್ಷದಲ್ಲಿ ಕಂಪ್ಯೂಟರ್ ಸೈನ್ಸನ್ನೂ ಅಕೌಂಟೆನ್ಸಿಯನ್ನೂ ಓದುತ್ತೇವೆ. ಎರಡೂ ಒಂದನ್ನೊಂದು ಮುಟ್ಟುವ ಜಾಗ ಇದು. ನಾಳೆ ನಮ್ಮಲ್ಲಿ ಕೆಲವರು ಆಡಿಟರ್ ಕಚೇರಿಯಲ್ಲಿ, ಸಹಕಾರಿ ಸಂಘದಲ್ಲಿ, ಗಲ್ಫಿನ ಅಂಗಡಿಗಳ ಲೆಕ್ಕದ ಮೇಜಿನ ಮುಂದೆ ಕೂರುತ್ತೇವೆ. ಅಲ್ಲಿ ಎಡಿಟ್ ಲಾಗ್ ಸರಿಯಿದೆ ಎಂದು ಸಹಿ ಹಾಕುವವರಿಗೆ ಆ ಲಾಗನ್ನು ಯಾರು ಯಾರು ಮುಟ್ಟಬಹುದಿತ್ತು ಎಂದು ಕೇಳಲು ಗೊತ್ತಿರಬೇಕು.

ಆದ್ದರಿಂದ ನಮ್ಮ ಕಾಲೇಜಿನ ಲ್ಯಾಬಿಗೆ ನನ್ನ ನಾಲ್ಕು ಸಲಹೆಗಳಿವೆ. ಒಂದು, ಪ್ರತಿ ವಿದ್ಯಾರ್ಥಿಗೆ ಬೇರೆ ಲಾಗಿನ್ ಇರಲಿ; 'ಸ್ಟೂಡೆಂಟ್' ಎಂಬ ಒಂದೇ ಹೆಸರಿನಲ್ಲಿ ಎಲ್ಲರೂ ಕೂತರೆ ಯಾವ ಲಾಗೂ ಉಪಯೋಗಕ್ಕೆ ಬಾರದು. ಎರಡು, ರೂಟ್ ಪಾಸ್‌ವರ್ಡ್ ಇಬ್ಬರು ಉಪನ್ಯಾಸಕರ ಬಳಿ ಮಾತ್ರ ಇರಲಿ, ಲಾಗಿನ ಪ್ರತಿ ಆಫೀಸಿನ ಇನ್ನೊಂದು ಯಂತ್ರಕ್ಕೆ ಹೋಗಲಿ. ಮೂರು, ಯಂತ್ರದ ಪಕ್ಕದಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇರಲಿ. ಯಾವ ಅನುಮತಿಯನ್ನು, ಏಕೆ, ಹಿಂದೆ ಏನಿದ್ದದ್ದನ್ನು ಏನು ಮಾಡಿದೆವು ಎಂದು ತಾರೀಕು ಹಾಕಿ ಸಹಿ ಮಾಡಿ ಬರೆಯಲಿ. ನಾಲ್ಕು, ತಿಂಗಳ ಮೊದಲ ಶನಿವಾರ ಸಿಇಬಿಎಯ ಇಬ್ಬರು ವಿದ್ಯಾರ್ಥಿಗಳು ಸರ್ ಅಥವಾ ಮೇಡಂ ಎದುರಿನಲ್ಲಿ ಲಾಗ್ ಫೋಲ್ಡರ್ ಎಷ್ಟು ತುಂಬಿದೆ, ಲಾಗ್‌ರೊಟೇಟ್ ಯಾವುದನ್ನಾದರೂ ಬಿಟ್ಟು ಹೋಗುತ್ತಿದೆಯೇ ಎಂದು ನೋಡಿ ಅದೇ ನೋಟ್‌ಬುಕ್ಕಿನಲ್ಲಿ ಬರೆಯಲಿ. ನಾಲ್ಕಕ್ಕೂ ಸೇರಿ ಬೇಕಾಗುವ ಹಣ ಒಂದು ನೋಟ್‌ಬುಕ್ಕಿನ ಬೆಲೆ. ಮೊದಲ ತಿಂಗಳ ಸರದಿಗೆ ನನ್ನ ಹೆಸರು ಬರೆದುಕೊಳ್ಳಬಹುದು.